ಅಂಗೈಯಷ್ಟು ಹಸಿ

ದಹಿಸರ್
೧೮ ಜನವರಿ ೧೯೫೩

ಅಕ್ಕ ರಾಚವ್ವನಿಗೆ ತಮ್ಮ ಮುರಿಗೆಪ್ಪನ ಶರಣು.

ಸಂಕ್ರಾಂತಿಗೆ ನೀನು ಕಳಿಸಿದ ಕುಸರೆಳ್ಳಿನ ಗಂಟು ಮುಟ್ಟಿತು. ದಾರಿಯಲ್ಲಿ ಅರ್ಧ ಪುಡಿಯಾಗಿತ್ತು. ಬಸಲಿಂಗವ್ವ ಗಟ್ಟಿ ಇದ್ದುದನ್ನು ನೆರೆಹೊರೆಗೆ ಹಂಚಿದಳು, ಪುಡಿಯನ್ನು ನಾವಿಬ್ಬರೂ ಬೊಗಸೆಯಲ್ಲಿ ತಿಂದೆವು.

ಗಂಟಿನೊಳಗಿನ ಚೀಟಿಯನ್ನು ಮಾತ್ರ ಎರಡು ಸಲ ಓದಿದೆ. ಮನೆ ಪಾಲಾಗುತ್ತದೆ, ನೀನಿರುವ ಖೋಲಿ ಮೈದುನನ ಮಗನಿಗೆ ಹೋಗುತ್ತದೆ ಎಂದು ಒಂದೇ ಸಾಲು ಬರೆದು, ಅದರ ಕೆಳಗೆ ಹಪ್ಪಳ ಒಣಗಿಸಿದ ಸುದ್ದಿಯನ್ನು ಉದ್ದಕ್ಕೆ ಬರೆದಿದ್ದೀಯ. ಭಾವ ತೀರಿಕೊಂಡಾಗಿನಿಂದ ನೀನು ಆ ಒಂದು ಖೋಲಿಯನ್ನು ಹಿಡಿದು ಕುಳಿತವಳು. ಅದೂ ಹೋದರೆ ಎಲ್ಲಿಗೆ ಹೋಗುತ್ತೀ ಎಂದು ನಾನು ಕೇಳುವುದಿಲ್ಲ, ಏಕೆಂದರೆ ಅದಕ್ಕೆ ಉತ್ತರ ನಾನೇ ಕೊಡಬೇಕಾದದ್ದು. ಅವ್ವ ಹೋದ ಮೇಲೆ ನನ್ನನ್ನು ಎತ್ತಿ ಬೆಳೆಸಿದವಳು ನೀನು. ನಿನ್ನ ತವರು ಎಂದರೆ ನನ್ನ ಮನೆ, ಅದು ಊರಲ್ಲಿರಲಿ, ಮುಂಬಯಿ ಹತ್ತಿರದ ಈ ದಹಿಸರ್‌ನಲ್ಲಿರಲಿ.

ಮನೆಯ ಹಿಂದೆ ಬಾವಿಯ ಕಡೆಗೆ ಒಂದು ಖೋಲಿ ತೆಗೆಯುತ್ತೇನೆ. ನಿನಗೆಂದೇ. ನೆಲಕ್ಕೆ ಕಾಂಕ್ರೀಟ್ ಹಾಕಿಸುತ್ತೇನೆ, ಮಣ್ಣಿನ ನೆಲ ಬೇಡ. ಆದರೆ ಒಂದು ಚಿಂತೆ ಇದೆ. ಇಲ್ಲಿ ಮಳೆಗಾಲದಲ್ಲಿ ನೆಲವೆಲ್ಲ ತೇವ. ಚಾಪೆ ನೆಲಕ್ಕೆ ಅಂಟಿಕೊಳ್ಳುತ್ತದೆ, ಚಪ್ಪಲಿಗೆ ಬೂಷ್ಟಿನ ಗಡ್ಡ ಬರುತ್ತದೆ. ನಮಗೆ ರೂಢಿಯಾಗಿದೆ, ನಿನ್ನ ದಮ್ಮಿಗೆ ಅದು ವಿಷ. ಜಾಗ ತಗ್ಗಿನಲ್ಲಿದೆ, ಕಾಂಕ್ರೀಟಿನ ಕೆಳಗೆ ಮೊಣಕಾಲು ಎತ್ತರಕ್ಕೆ ಮಣ್ಣು ತುಂಬಬೇಕು. ಏನು ತುಂಬಿದರೆ ನೀರು ಮೇಲೆ ಏರುವುದಿಲ್ಲ? ನಾನು ಗಿರಣಿಯ ಕಾರಕೂನ, ಮಣ್ಣಿನ ಸಂಗತಿ ನಿನಗೇ ಗೊತ್ತು.

ನಿನ್ನ,
ಮುರಿಗೆಪ್ಪ


ಇಂಡಿ
೩ ಫೆಬ್ರುವರಿ ೧೯೫೩

ಮುರಿಗ್ಯಾ, ಅಕ್ಕನ ಆಶೀರ್ವಾದ.

ಖೋಲಿ ಕಟ್ಟುತ್ತೇನೆ ಎಂದು ಜಿಗಿದು ಬರೆದಿದ್ದೀಯ. ಹೆಂಡತಿಯನ್ನು ಕೇಳಿದ್ದೀಯಾ? ಅಡಿಗೆಮನೆಯಲ್ಲಿ ಎರಡನೆಯ ಕೈ ಬರುತ್ತದೆ ಎಂದರೆ ಎಲ್ಲ ಹೆಣ್ಣುಮಕ್ಕಳೂ ನಗುವುದಿಲ್ಲ. ಕೇಳಿ ಬರೆ.

ಮಣ್ಣಿನ ಮಾತಿಗೆ ಬಂದರೆ, ಇಷ್ಟು ಓದಿದವನು ಇದನ್ನು ಕೇಳಬೇಕೇ? ನಮ್ಮ ಮಾಳಿಗೆಯ ಮೇಲೆ ಏನು ಹಾಕುತ್ತಿದ್ದೆವು? ಹಳ್ಳದ ದಂಡೆಯ ಸವಳು ಮಣ್ಣು. ಮಳೆ ಬರುವ ಮೊದಲು ಬುಟ್ಟಿಯಲ್ಲಿ ಹೊತ್ತು ತಂದು, ಮಾಳಿಗೆಯ ತುಂಬ ಹರಡಿ, ನೀರು ಚಿಮುಕಿಸಿ ತುಳಿಯುತ್ತಿದ್ದೆವು. ನೀನು ತುಳಿಯುವುದು ಬಿಟ್ಟು ಕುಣಿಯುತ್ತಿದ್ದೆ. ಎಂಥ ಮಳೆ ಬಂದರೂ ನೀರು ಮೇಲಿನಿಂದ ಮೇಲೆಯೇ ಜಾರಿ ಮಾಳಿಗೆಯ ಅಂಚಿನ ದೋಣಿಯಿಂದ ಹರಿದು ಹೋಗುತ್ತಿತ್ತು, ಮನೆಯೊಳಗೆ ಒಂದು ಹನಿ ಬೀಳುತ್ತಿರಲಿಲ್ಲ. ಮೇಲಿನ ನೀರನ್ನು ತಡೆಯುವ ಮಣ್ಣು ಕೆಳಗಿನ ನೀರನ್ನು ತಡೆಯುವುದಿಲ್ಲವೇ? ಸವಳು ತುಂಬಿ ಚೆನ್ನಾಗಿ ತುಳಿಸು. ಅದರ ಮೇಲೆ ನಿನ್ನ ಕಾಂಕ್ರೀಟೋ ಏನೋ ಅದನ್ನು ಹಾಕು.

ಆದ ಮೇಲೆ ನಾನು ನಿನ್ನ ಮದುವೆಗೆ ಕೊಟ್ಟ, ಹಿಟ್ಟು ನಾದುವ ಹಿತ್ತಾಳೆ ಪರಾತವನ್ನು ನೆಲದ ಮೇಲೆ ಬೋರಲು ಹಾಕಿಡು. ಮರುದಿನ ಎತ್ತಿ ನೋಡು. ಒಳಗೆ ಬೆವರಿದ್ದರೆ ನೆಲದಲ್ಲಿ ನೀರಿದೆ, ಒಣಗಿದ್ದರೆ ಇಲ್ಲ. ನೆಲದೊಳಗೆ ಜೋಳ ತುಂಬುವ ಹಗೇವನ್ನು ನಾವು ಹೀಗೇ ನೋಡುತ್ತಿದ್ದೆವು. ಈಗಲೂ ಓಣಿಯವರು ಹಗೇವು ತೆಗೆಯುವ ಮೊದಲು ನನ್ನನ್ನು ಕರೆದು ತೋರಿಸುತ್ತಾರೆ.

ಪಾಲಿನ ಮಾತು ಇನ್ನೂ ಬಾಯಲ್ಲೇ ಇದೆ. ಅವಸರ ಮಾಡಬೇಡ.

ರಾಚವ್ವ


ದಹಿಸರ್
೨೬ ಏಪ್ರಿಲ್ ೧೯೫೩

ಅಕ್ಕಾ, ಶರಣು.

ಬಸಲಿಂಗವ್ವನನ್ನು ಕೇಳಿದೆ. "ಮುಂಜಾನೆ ನೀವು ಗಿರಣಿಗೆ ಹೋದ್ರ ಸಂಜಿತನಕಾ ನಾ ಗ್ವಾಡಿ ಕೂಡ ಮಾತಾಡ್ತೀನ್ರಿ. ಅಕ್ಕಾರು ಬಂದ್ರ ಗ್ವಾಡಿಗೂ ಸುಖ, ನನಗೂ ಸುಖ" ಎಂದಳು. ಇದನ್ನು ಬರೆಯಲೇಬೇಕೆಂದು ಹಟ ಹಿಡಿದಿದ್ದಾಳೆ.

ಇನ್ನು ಮಣ್ಣಿನ ಸುದ್ದಿ ಕೇಳು. ಸವಳು ಎಲ್ಲಿ ಹುಡುಕಲಿ ಎಂದು ಯೋಚಿಸುತ್ತಿದ್ದೆ. ಇಲ್ಲಿಂದ ಸ್ವಲ್ಪ ದೂರಕ್ಕೆ ಸಮುದ್ರದ ನೀರು ಒಳಗೆ ನುಗ್ಗುವ ಖಾಡಿ ಇದೆ. ಅದರ ದಂಡೆಗೆ ಹೋದರೆ ಕಣ್ಣು ಕುಕ್ಕುವಷ್ಟು ಬಿಳಿ ಮಣ್ಣು, ಮೇಲೆ ಹೊಳೆಯುವ ಪದರು. ನಮ್ಮ ಹಳ್ಳದ ದಂಡೆಯನ್ನೇ ಯಾರೋ ಇಲ್ಲಿ ತಂದು ಹಾಸಿದಂತೆ ಇತ್ತು. ನಿಂತಲ್ಲೇ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಎತ್ತಿನ ಗಾಡಿಯಲ್ಲಿ ತರಿಸಿದೆ. ಗರಸು ಮುರುಮು ತುಂಬೋಣವೇ ಎಂದು ಗವಂಡಿ ಕೇಳಿದ, ಬೇಡ ಎಂದೆ. ಮನೆ ನಿಮ್ಮದು, ಹೇಳಿದ್ದನ್ನು ಹಾಕುತ್ತೇನೆ ಎಂದು ಬೀಡಿ ಹಚ್ಚಿದ.

ಸ್ಟೇಷನ್ನಿನ ಬಳಿ ಚಹಾದ ಹೋಟೆಲು ಇಟ್ಟಿರುವ ಮೋನಪ್ಪ, ಮಂಗಳೂರಿನ ಕಡೆಯವರು, ಗಾಡಿಯನ್ನು ನೋಡಿ ಹಿಂದೆಯೇ ಬಂದರು. "ಖಾಡಿಯ ಮಣ್ಣು ಮನೆಯೊಳಗೆ ಯಾಕೆ ಮಾರಾಯ್ರೆ? ನಮ್ಮಲ್ಲಿ ಅದನ್ನು ಯಾರೂ ಮುಟ್ಟುದಿಲ್ಲ" ಎಂದರು. "ನಿಮ್ಮದು ಹಂಚಿನ ಊರು, ಮಣ್ಣಿನ ಮಾಳಿಗೆ ನಿಮಗೆ ಹ್ಯಾಂಗ ಗೊತ್ತಾಗಬೇಕು" ಎಂದು ಕಳಿಸಿದೆ. ಆಮೇಲೆ ನಾನೇ ಧೋತರ ಎತ್ತಿ ಕಟ್ಟಿ ತುಳಿದೆ. ಈ ಸಲ ಕುಣಿಯಲಿಲ್ಲ.

ಕಾಂಕ್ರೀಟ್ ಬಿದ್ದು ಗಟ್ಟಿಯಾಗಿದೆ. ಪರಾತ ಬೋರಲು ಹಾಕಿ ನೋಡಿದೆ, ಒಳಗೆ ಒಣ. ಬಸಲಿಂಗವ್ವ ತೊಲೆಗೆ ಎರಡು ಕೊಂಡಿ ಹಾಕಿಸಿದ್ದಾಳೆ, ಜೋಕಾಲಿ ಕಟ್ಟಲು. ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ತಮ್ಮ ಬರಬೇಕಲ್ಲವೇ? ಬರುತ್ತೇನೆ. ಉಂಡಿ ಕಟ್ಟಿಟ್ಟಿರು.

ಮುರಿಗೆಪ್ಪ


ದಹಿಸರ್
೨ ಆಗಸ್ಟ್ ೧೯೫೩

ಅಕ್ಕಾ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ ಎಂದು ಬರೆಯುವ ಮೊದಲೇ ಗೊತ್ತಿದೆ. ಆದರೂ ನಿನಗೆ ಹೇಳದೆ ಯಾರಿಗೆ ಹೇಳಲಿ.

ಮಳೆ ಹಿಡಿದ ವಾರದಲ್ಲೇ ಹೊಸ ಖೋಲಿಯ ನೆಲ ಬೆವರತೊಡಗಿತು. ಹಂಚು ಸೋರುತ್ತಿಲ್ಲ, ಗೋಡೆ ಬಿರಿದಿಲ್ಲ. ನೀರು ಕೆಳಗಿನಿಂದಲೇ ಕಾಂಕ್ರೀಟಿನೊಳಗೆ ಏರಿ ಬರುತ್ತಿದೆ. ಹಳೆಯ ಮನೆಯ ನೆಲಕ್ಕಿಂತ ಹೆಚ್ಚು. ನಿನಗಾಗಿ ತಂದ ಚಾಪೆ ಕೆಳಗಿನಿಂದ ಕಪ್ಪಾಗಿ ಕೊಳೆತಿದೆ. ಗೋಡೆಯ ಬುಡಕ್ಕೆ ಬಿಳಿ ಹಿಟ್ಟಿನಂಥದು ಮೂಡಿದೆ, ಒರೆಸಿದರೆ ಮತ್ತೆ ಬರುತ್ತದೆ. ಪರಾತವನ್ನು ಎತ್ತಿದರೆ ಒಳಗಿನಿಂದ ಹನಿ ಉದುರಿದವು.

ಹೇಗೆ ಹೇಳಲಿ ಅಕ್ಕಾ? ನಿನ್ನ ಮಾತಿನಂತೆ ತುಂಬಿದ ಮಣ್ಣು ಇದು. ಆ ಮನೆಯಲ್ಲಿ ನಿನ್ನದು ಎನ್ನುವ ಎಲ್ಲವನ್ನೂ ಒಂದೊಂದಾಗಿ ತೆಗೆದುಕೊಂಡರು. ಉಳಿದದ್ದು ಒಂದೇ, ಮಾಳಿಗೆ ಸೋರಿದರೆ, ಹಗೇವು ಕೆಟ್ಟರೆ ಓಣಿಯವರು ರಾಚವ್ವನನ್ನು ಕರೆಯಿರಿ ಅನ್ನುವುದು. ಅದೂ ಸುಳ್ಳಾಯಿತು ಎಂದು ನಾನು ನನ್ನ ಕೈಯಿಂದ ಬರೆಯಲೇ? ಬರೆದರೂ ನೀನು ಸುಮ್ಮನಿರುವವಳಲ್ಲ. ಮಂಚ ಹಾಕಿದರಾಯಿತು ಎಂದು ಬಂದೇ ಬಿಡುತ್ತೀ. ಬಂದು ಈ ತೇವದಲ್ಲಿ ಮಲಗಿ, ದಮ್ಮು ಏರಿ, ನಿನಗೇನಾದರೂ ಆದರೆ ನಾನು ಬದುಕಿ ಏನು ಮಾಡಲಿ.

ಬಸಲಿಂಗವ್ವ ದಿನಾ ಬೈಯುತ್ತಾಳೆ. "ಖರೇ ಬರದು ಬಿಡ್ರಿ. ನೆಲಾ ಹಸಿ ಐತಿ ಅಂದ್ರ ಅಕ್ಕಾರು ನಮ್ಮನ್ನ ನುಂಗ್ತಾರೇನು?" ಅವಳಿಗೆ ನಿನ್ನ ಪರಿಚಯ ಮದುವೆಯ ಮನೆಯದು ಅಷ್ಟೆ. ನನಗೆ ನಿನ್ನ ಮುಖ ಗೊತ್ತು. ಕಾಗದ ಓದಿ ಮಡಚಿ, ಯಾರಿಗೂ ಕಾಣದ ಹಾಗೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುವುದು ಇಲ್ಲಿಂದಲೇ ಕಾಣುತ್ತದೆ.


ದಹಿಸರ್
೨ ಆಗಸ್ಟ್ ೧೯೫೩

ಪೂಜ್ಯ ಅಕ್ಕನಿಗೆ ಶರಣು.

ಗಿರಣಿಯಲ್ಲಿ ಕೆಲಸ ಬಹಳ, ಪಂಚಮಿಗೆ ರಜೆ ಸಿಗಲಿಲ್ಲ. ಕರೆಯಲು ಬರಲಾಗುವುದಿಲ್ಲ, ಸಿಟ್ಟಾಗಬೇಡ. ಖೋಲಿಯದೂ ಸಣ್ಣಪುಟ್ಟ ಕೆಲಸ ಬಾಕಿ ಇದೆ. ನೆಲ ಗಟ್ಟಿಯಾಗಿದೆ. ನೀನು ಹೇಳಿದ ಮಣ್ಣು ಬಲು ಒಳ್ಳೆಯದು. ಬಸಲಿಂಗವ್ವ ಶರಣು ಹೇಳಿದ್ದಾಳೆ.

ಮುರಿಗೆಪ್ಪ


ಇಂಡಿ
೨೮ ಆಗಸ್ಟ್ ೧೯೫೩

ಮುರಿಗೆಪ್ಪಾ, ಆಶೀರ್ವಾದ.

ಪಂಚಮಿ ಆಯಿತು. ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಅಣ್ಣತಮ್ಮಂದಿರ ಹಿಂದೆ ಹೋದರು. ನಾನು ಶೇಂಗಾದ ಉಂಡಿ, ಎಳ್ಳಿನ ಉಂಡಿ ಕಟ್ಟಿ ಡಬ್ಬಿ ತುಂಬಿ ಗಂಟು ಬಿಗಿದು ಬಾಗಿಲ ಬಳಿ ಇಟ್ಟಿದ್ದೆ. ನಿನ್ನ ಕಾಗದ ಬಂದ ಮೇಲೆ ಗಂಟು ಬಿಚ್ಚಿದೆ. ಯಾಕೆ ಹೋಗಲಿಲ್ಲ ಎಂದು ಕೇಳಿದವರಿಗೆಲ್ಲ, ದಮ್ಮಿನವಳು ಮಳೆಯಲ್ಲಿ ಗಾಡಿ ಹತ್ತಬಾರದು, ನಾನೇ ಬೇಡ ಎಂದು ಬರೆದೆ ಅಂದೆ. ನಂಬಿದರೋ ಇಲ್ಲವೋ, ತಲೆ ಅಲ್ಲಾಡಿಸಿದರು.

ಗಿರಣಿಗೆ ನಿನ್ನ ಹೊರತು ಬೇರೆ ಕಾರಕೂನರಿಲ್ಲ ಎನ್ನುವುದು ಗೊತ್ತಿರಲಿಲ್ಲ. ಇರಲಿ, ಚೇಷ್ಟೆಗೆ ಅಂದೆ.

ಒಂದು ಕೇಳುತ್ತೇನೆ, ಮುಚ್ಚಿಡಬೇಡ. ಬಸಲಿಂಗವ್ವ ಏನಾದರೂ ಅಂದಳೇ? ಅಂದಿದ್ದರೂ ತಪ್ಪಿಲ್ಲ. ಮಣ್ಣು ಒಳ್ಳೆಯದಾಗಿದ್ದಕ್ಕೆ ಸಂತೋಷ. ಅದಾದರೂ ನನ್ನ ಕಡೆಯಿಂದ ನಿನ್ನ ಮನೆಯಲ್ಲಿರಲಿ.

ರಾಚವ್ವ


ದಹಿಸರ್
೧೩ ಡಿಸೆಂಬರ್ ೧೯೫೩

ಅಕ್ಕಾ, ಶರಣು.

ಉತ್ತರ ಬರೆಯಲು ತಡವಾಯಿತು. ಬಸಲಿಂಗವ್ವನದು ಏನೂ ಇಲ್ಲ, ಅವಳ ಹೆಸರು ತರಬೇಡ, ನಿನ್ನ ಕಾಗದ ಕೇಳಿ ಅತ್ತಳು. ಎಲ್ಲ ನನ್ನದೇ. ಖೋಲಿಗೆ ಇನ್ನೂ ಸ್ವಲ್ಪ ಕೆಲಸವಿದೆ, ನೆಲಕ್ಕೆ ಮೇಲಿನಿಂದ ಡಾಂಬರು ಬಳಿಸಿದ್ದೇನೆ. ಹಾಗೆಯೇ, ಅಂದಕ್ಕೆ. ಇನ್ನೊಂದು ಮಳೆಗಾಲ ಕಳೆಯಲಿ, ಆಮೇಲೆ ಖಂಡಿತ ಕರೆಯುತ್ತೇನೆ. ಅಲ್ಲಿಯವರೆಗೆ ಪಾಲಿನ ಗಲಾಟೆಯೂ ಮುಂದೆ ಹೋಗಬಹುದು.

ಲೋವರ್ ಪರೇಲ್ ಸ್ಟೇಷನ್ನಿನಲ್ಲಿ ದಿನಾ ಸಂಜೆ ಒಬ್ಬ ಮುದುಕಿ ಹುರಿದ ಶೇಂಗಾ ಮಾರುತ್ತಾಳೆ. ನಿನ್ನ ಹಾಗೆಯೇ ತಲೆಯ ಮೇಲೆ ಸೆರಗು ಹೊದ್ದು, ನಿನ್ನ ಹಾಗೆಯೇ ಗಿರಾಕಿಗಳನ್ನು ಗದರಿಸುತ್ತಾಳೆ. ಹಸಿವಿಲ್ಲದಿದ್ದರೂ ಕೊಳ್ಳುತ್ತೇನೆ. ಲೋಕಲ್‌ನಲ್ಲಿ ದಹಿಸರ್ ಬರುವವರೆಗೆ ತಿನ್ನುತ್ತಾ ಬರುತ್ತೇನೆ, ಆಜುಬಾಜು ಯಾರ ಕೂಡಲೂ ಮಾತಿಲ್ಲ.

ಮುರಿಗೆಪ್ಪ


ಇಂಡಿ
೧೯ ಏಪ್ರಿಲ್ ೧೯೫೪

ಮುರಿಗೆಪ್ಪನಿಗೆ ಆಶೀರ್ವಾದ.

ಯುಗಾದಿ ಆಯಿತು. ಮೈದುನನ ಮಗನ ಮದುವೆ ಗೊತ್ತಾಗಿದೆ. ನನ್ನ ಖೋಲಿಯ ನಡುಗೋಡೆ ಒಡೆದು ದೊಡ್ಡದು ಮಾಡುತ್ತಿದ್ದಾರೆ. ಹೊಸ ಜೋಡಿ, ಮಾಡಿಕೊಳ್ಳಲಿ. ನನ್ನ ಪೆಟ್ಟಿಗೆ ಇಡಲು ಮಠದ ಹಿಂದಿನ ಪಡಸಾಲೆಯಲ್ಲಿ ಜಾಗ ಕೊಟ್ಟಿದ್ದಾರೆ, ಅಲ್ಲಿನ ದಾಸೋಹದ ಅಡಿಗೆಗೂ ಕೈ ಹಚ್ಚಿದ್ದೇನೆ. ಇನ್ನು ಮುಂದೆ ಕಾಗದ ಮಠದ ವಿಳಾಸಕ್ಕೇ ಹಾಕು, ಅಂಚೆಯವನು ಮೊದಲು ಅಲ್ಲಿಗೇ ಬರುತ್ತಾನೆ.

ನಾನು ಆರಾಮ ಇದ್ದೇನೆ.

ರಾಚವ್ವ


ದಹಿಸರ್
೨೫ ಜುಲೈ ೧೯೫೪

ಅಕ್ಕಾ, ಶರಣು.

ನೀನು ಮಠದ ಸೇವೆ ಹಿಡಿದದ್ದು ಕೇಳಿ ನೆಮ್ಮದಿಯಾಯಿತು. ಹೊತ್ತು ಹೋಗುತ್ತದೆ, ಮನಸ್ಸಿಗೂ ಒಳ್ಳೆಯದು. ಗೋಡೆ ಒಡೆಯುವ ಗದ್ದಲದಲ್ಲಿ ಪೆಟ್ಟಿಗೆಯನ್ನು ಅಲ್ಲಿಟ್ಟದ್ದೂ ಸರಿ, ಇಲ್ಲದಿದ್ದರೆ ಸೀರೆಗೆಲ್ಲ ಧೂಳು.

ನಿಮ್ಮ ಓಣಿಯ ಬಸವಂತಪ್ಪ ಬಟ್ಟೆ ಖರೀದಿಗೆ ಬಂದವರು ನಮ್ಮಲ್ಲಿಯೇ ಇಳಿದಿದ್ದರು. ಮುಂದಿನ ಖೋಲಿಯಲ್ಲಿ ಹಾಸಿಕೊಟ್ಟೆವು. ರೊಟ್ಟಿ, ಬದನೆಕಾಯಿ ಪಲ್ಯ ಉಂಡು ಮೆಚ್ಚಿದರು. ನಿನ್ನ ಬಗ್ಗೆ ಏನು ಕೇಳಿದರೂ "ಬೇಷ್ ಅದಾರ" ಎನ್ನುವುದರ ಮುಂದೆ ಮಾತು ಹೋಗಲಿಲ್ಲ.

ಇಲ್ಲಿ ಜಡಿಮಳೆ. ಈ ಪಂಚಮಿಗೂ ಬರಲಾಗುವುದಿಲ್ಲ ಅಕ್ಕಾ. ಕ್ಷಮಿಸು.

ಮುರಿಗೆಪ್ಪ


ಇಂಡಿ
೧೦ ಆಗಸ್ಟ್ ೧೯೫೪

ಶ್ರೀ ಮುರಿಗೆಪ್ಪನವರಿಗೆ,

ನಿಮ್ಮ ಕಾಗದ ತಲುಪಿತು.

ಬಸವಂತಪ್ಪ ಮಠಕ್ಕೆ ಬಂದು ನಾಲ್ಕು ಜನರೆದುರು ಹೇಳಿದರು. "ರಾಚವ್ವಾ, ನಿನ್ನ ತಮ್ಮ ಹಿಂದ ಖೋಲಿ ಭಾಳ ಛಲೋ ಕಟ್ಟ್ಯಾನ. ಸುಣ್ಣಾ ಬಣ್ಣಾ ಎಲ್ಲಾ ಆಗೇತಿ. ಆದ್ರ ಬಾಗಲಕ್ಕ ಇಷ್ಟ ದೊಡ್ಡ ಕೀಲಿ ಜಡದಾನ. ತೋರಸಪಾ ಅಂದ್ರ ಚಾವಿ ಕಳದೈತಿ ಅಂದ." ಕೇಳಿದವರು ನನ್ನ ಮುಖ ನೋಡಿದರು. ನಾನು ಎಲೆ ಹಾಕಲು ಒಳಗೆ ಹೋದೆ.

ಖೋಲಿ ಆಗಿಲ್ಲ ಎಂದು ನೀವು ಒಂದು ವರ್ಷದಿಂದ ಬರೆಯುತ್ತಿದ್ದಿರಿ. ಬೇಡವೆಂದರೆ ಬೇಡ ಎಂದು ಬರೆಯಬಹುದಿತ್ತು, ನಾನೇನು ಬಾಗಿಲಿಗೆ ಬಂದು ಕೂಡುತ್ತಿದ್ದೆನೇ? ಬೀಗ ಹಾಕುವ ಕಷ್ಟ ಬೇಕಿರಲಿಲ್ಲ.

ಮಠದ ದಾಸೋಹದ ಅಡಿಗೆಗೆ ಮುಂದಿನ ಶ್ರಾವಣದವರೆಗೆ ಇರುತ್ತೇನೆಂದು ಅಯ್ಯನವರಿಗೆ ಮಾತು ಕೊಟ್ಟಿದ್ದೇನೆ. ನೀವು ನನ್ನ ಚಿಂತೆ ಬಿಡಿರಿ. ಬಸಲಿಂಗವ್ವನವರಿಗೂ ಹೇಳಿರಿ.

ರಾಚವ್ವ


ದಹಿಸರ್
೧೬ ಆಗಸ್ಟ್ ೧೯೫೪

ಅಕ್ಕಾ,

ನನ್ನನ್ನು ಹೊಡೆ, ಬೈ, ಆದರೆ ನೀವು ಎನ್ನಬೇಡ. ಆ ಒಂದು ಶಬ್ದವನ್ನು ನೋಡಿ ಗಿರಣಿಗೆ ಹೋಗಲಾಗದೆ ಮನೆಯಲ್ಲೇ ಉಳಿದೆ.

ಬೀಗ ಹಾಕಿದ್ದು ಖರೆ. ಒಳಗೆ ನೆಲ ಹಸಿಯಾಗಿದೆ ಅಕ್ಕಾ. ಹೋದ ಮಳೆಗಾಲದಿಂದಲೂ. ಬಸವಂತಪ್ಪ ನೋಡಿದರೆ ನಿನಗೆ ಹೇಳುತ್ತಾರೆ, ನಿನ್ನ ಸವಳು ಸೋತಿತು ಎಂದು ಊರೆಲ್ಲ ಹೇಳುತ್ತಾರೆ ಎಂದು ಹೆದರಿ ಚಾವಿ ಕಳೆದಿದೆ ಎಂದೆ. ಚಾವಿ ನನ್ನ ಜನಿವಾರದಂತೆ ಕೊರಳಲ್ಲೇ ನೇತಾಡುತ್ತಿತ್ತು ಎನ್ನೋಣವೆಂದರೆ ನಮಗೆ ಜನಿವಾರವೂ ಇಲ್ಲ, ಲಿಂಗದ ಶಿವದಾರಕ್ಕೇ ಕಟ್ಟಿಕೊಂಡಿದ್ದೆ. ದೇವರ ಪಕ್ಕದಲ್ಲಿ ಸುಳ್ಳನ್ನು ನೇತು ಹಾಕಿಕೊಂಡು ತಿರುಗಿದೆ. ಡಾಂಬರು ಬಳಿದದ್ದು ಅಂದಕ್ಕಲ್ಲ. ಅದೂ ಉಪಯೋಗವಾಗಲಿಲ್ಲ, ಗುಳ್ಳೆ ಗುಳ್ಳೆಯಾಗಿ ಎದ್ದು ಬಂತು.

ಹೋದ ವರ್ಷ ಬರೆದು ಅಂಚೆಗೆ ಹಾಕದ ಕಾಗದ ಇದರ ಜೊತೆಗಿದೆ. ಓದು. ನನಗೆ ನೀನು ಬೇಡವಾಗಿರಲಿಲ್ಲ. ನೀನು ಬೇಕಾಗಿದ್ದಕ್ಕೇ ಹೀಗೆ ಮಾಡಿದೆ, ಮಾಡಿದ್ದು ಮೂರ್ಖತನ.

ಪಡಸಾಲೆಯಲ್ಲಿ ಇರುವುದು ಪೆಟ್ಟಿಗೆ ಮಾತ್ರವೇ ಅಕ್ಕಾ, ಅಥವಾ ನೀನೂ ಅಲ್ಲಿಯೇ ಮಲಗುತ್ತೀಯಾ? ಬಸಲಿಂಗವ್ವ ನಿನ್ನ ಏಪ್ರಿಲಿನ ಕಾಗದವನ್ನು ಈಗ ಮತ್ತೆ ಓದಿಸಿ ಈ ಪ್ರಶ್ನೆ ಕೇಳಿದಳು. ನನಗೆ ಹೊಳೆದೇ ಇರಲಿಲ್ಲ.

ಮುರಿಗ್ಯಾ


ದಹಿಸರ್
೨೮ ನವೆಂಬರ್ ೧೯೫೪

ಅಕ್ಕಾ,

ದಸರೆಗೆ ಬರೆದೆ, ದೀಪಾವಳಿಗೆ ಬರೆದೆ. ನಿನ್ನಿಂದ ಒಂದು ಸಾಲಿಲ್ಲ. ದೀಪಾವಳಿಯ ರಜೆಯಲ್ಲಿ ಇಂಡಿಗೆ ಬರಲು ಹೊರಟು ದಾದರಿನವರೆಗೆ ಹೋಗಿ ಸೊಲ್ಲಾಪುರದ ಗಾಡಿ ನಿಂತಿದ್ದನ್ನು ನೋಡಿ ಹಿಂದೆ ಬಂದೆ. ಮಠದ ಬಾಗಿಲಲ್ಲಿ ನೀನು ಮತ್ತೆ "ಬನ್ನಿ, ಕೂಡ್ರಿ" ಅಂದಿದ್ದರೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ನೆಲ ಒಡೆಯುತ್ತಿದ್ದೇವೆ. ಭಾನುವಾರ ಬಂದರೆ ನಾನು ಪಿಕಾಸಿ ಹಿಡಿಯುತ್ತೇನೆ, ಬಸಲಿಂಗವ್ವ ಬುಟ್ಟಿ ಹೊರುತ್ತಾಳೆ. ಎಲ್ಲ ಮಣ್ಣನ್ನೂ ತೆಗೆದು ಖಾಡಿಗೇ ಒಯ್ದು ಸುರಿದೆವು. ಬಿಸಿಲಿನಲ್ಲಿ ಒಣಗಿದ ಮೇಲೂ ಅದು ಕೈಗೆ ಒದ್ದೆಯಾಗಿಯೇ ಸಿಗುತ್ತಿತ್ತು, ಯಾಕೋ ತಿಳಿಯದು. ಈಗ ದೊಡ್ಡ ಕಲ್ಲು, ಅದರ ಮೇಲೆ ಖಡಿ, ಅದರ ಮೇಲೆ ಬಾವಿಯ ಸಿಹಿನೀರಲ್ಲಿ ತೊಳೆದ ಉಸುಕು, ಆಮೇಲೆ ಡಾಂಬರಿನ ಕಾಗದ ಹಾಸಿ ಹೊಸ ಕಾಂಕ್ರೀಟ್. ಕಲ್ಲುಗಳ ಸಂದಿನಲ್ಲಿ ನೀರು ಮೇಲೇರಲಾರದು ಎನ್ನುತ್ತಾರೆ. ನಾನು ಯಾರ ಮಾತನ್ನೂ ಈಗ ಪೂರ್ತಿ ನಂಬುವುದಿಲ್ಲ.

ಮೋನಪ್ಪ ದಿನಾ ಬಂದು ನೋಡಿ, ನಾನು ಹಿಂದೆ ಅಂದ ಮಾತನ್ನು ನೆನಪಿಸದೆ, ಚಹಾ ಕೊಟ್ಟು ಹೋಗುತ್ತಾರೆ. ನೆನಪಿಸಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಬಸಲಿಂಗವ್ವ ಬುಟ್ಟಿ ಇಳಿಸಿ ಬೆವರು ಒರೆಸಿಕೊಂಡು ಅಂದಳು, "ಅಕ್ಕಾರು ಬರಲಿಲ್ಲಂದ್ರೂ ಖೋಲಿ ಅವರದs. ಇದರಾಗ ನಾ ಕಟಗಿ ಇಡಾಂಗಿಲ್ಲ."

ಮುರಿಗ್ಯಾ


ಇಂಡಿ
೩೦ ಜನವರಿ ೧೯೫೫

ಮುರಿಗೆಪ್ಪಾ,

ಕಾಗದಗಳೆಲ್ಲ ಬಂದಿವೆ. ಅಂಚೆಯವನದು ತಪ್ಪಿಲ್ಲ.

ಮೊದಲು ಸಿಟ್ಟು ಬಂತು. ಆ ಸಿಟ್ಟಿಗೆ ಆರು ತಿಂಗಳು ಹಿಡಿಯಿತು, ಏನು ಮಾಡಲಿ, ಮುದುಕಿಯ ಸಿಟ್ಟು. ಬಸಲಿಂಗವ್ವ ಕೇಳಿದ್ದು ಸರಿ. ಯುಗಾದಿಯ ಮರುದಿನದಿಂದ ನಾನೂ ಪೆಟ್ಟಿಗೆಯ ಪಕ್ಕದಲ್ಲೇ ಮಲಗುತ್ತೇನೆ. ನಿನಗೆ ಬರೆಯಲಿಲ್ಲ. ಬರೆದಿದ್ದರೆ ಮನಸ್ಸಿಲ್ಲದಿದ್ದರೂ ಕರುಣೆಗೆ ಕರೆಯುತ್ತೀ ಅನ್ನಿಸಿತು. ಕರುಣೆಯ ಮೇಲೆ ಇರುವುದಾದರೆ ಮಠವೇ ಲೇಸು, ಅಲ್ಲಿ ಎಲ್ಲರೂ ಅದರ ಮೇಲೆಯೇ ಇದ್ದಾರೆ. ಹಾಗೆ ನೋಡಿದರೆ ನೀನೊಂದು ಬೀಗ ಹಾಕಿದೆ, ನಾನೊಂದು ಹಾಕಿದೆ.

ಮಣ್ಣಿನ ವಿಷಯ. ಒಣಗಿದ ಮೇಲೂ ಒದ್ದೆ ಎಂದು ನೀನು ಬರೆದದ್ದನ್ನು ಓದಿ ನಗು ಬಂತು, ಆಮೇಲೆ ನಗು ನಿಂತಿತು. ಅದನ್ನು ನಾಲಿಗೆಗೆ ಹಚ್ಚಿ ನೋಡಿದ್ದೆಯಾ? ನಮ್ಮ ಸವಳಿಗೆ ಉಪ್ಪಿನ ರುಚಿ ಇರುವುದಿಲ್ಲ, ಸಾಬೂನಿನ ಹಾಗೆ ಜಾರುತ್ತದೆ, ಮಡಿವಾಳರು ಅದರಲ್ಲಿ ಬಟ್ಟೆ ಒಗೆಯುತ್ತಾರೆ. ನೀನು ತುಂಬಿದ್ದು ಸಮುದ್ರದ ಉಪ್ಪು. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಗಡಿಗೆ ಏನಾಗುತ್ತದೆ? ಅದೇ ಗಡಿಗೆಯ ಮೇಲೆ ನನಗೆ ಹಾಸಿಗೆ ಹಾಸಲು ಹೊರಟಿದ್ದೆ. ಇಲ್ಲಿ ಸವಳನ್ನು ಯಾರೂ ರುಚಿ ನೋಡಿ ತರುವುದಿಲ್ಲ, ಎಲ್ಲರಿಗೂ ಗೊತ್ತು. ಸಮುದ್ರ ನೋಡದ ನಾನು ನಿನಗೆ ಹೇಗೆ ಹೇಳಲಿ. ನನ್ನ ಮಣ್ಣು ಸೋತಿಲ್ಲ ಮುರಿಗ್ಯಾ. ಸೋತಿದ್ದರೂ ತಡೆದುಕೊಳ್ಳುತ್ತಿದ್ದೆ. ನಾಲ್ಕು ಜನರ ಮುಂದೆ ಆ ಬೀಗದ ಮಾತು ಕೇಳಿದ್ದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಶ್ರಾವಣದವರೆಗೆ ಕೊಟ್ಟ ಮಾತಿದೆ. ಅಲ್ಲಿಂದ ಮುಂದೆ ಬರುತ್ತೇನೆ ಎಂದು ಈಗ ಹೇಳುವುದಿಲ್ಲ. ಇಲ್ಲಿ ಹುಳಿಗೆ ಖಾರ ಎಷ್ಟು ಎಂದು ನನ್ನನ್ನು ಕೇಳುತ್ತಾರೆ, ಅದೂ ಒಂದು ಸುಖ. ಮಳೆ ಹಿಡಿದ ಮೇಲೆ ಒಂದೇ ಮಾತು ಬರೆ. ಪರಾತ ಏನು ಹೇಳಿತು ಎಂದು. ಬೇರೆ ಯಾವ ಸುದ್ದಿಯೂ ಬೇಡ.

ಅಕ್ಕ


ದಹಿಸರ್
೧೦ ಜುಲೈ ೧೯೫೫

ಅಕ್ಕಾ,

ಒಂದೇ ಮಾತು ಬರೆ ಎಂದಿದ್ದೀ. ಅದನ್ನು ಬರೆಯಲು ಒಂದು ವಾರದಿಂದ ಕುಳಿತಿದ್ದೇನೆ.

ಮಳೆ ಜೋರಾಗಿದೆ, ಬಾವಿ ತುಂಬಿ ಕೈಗೆ ನೀರು ಸಿಗುತ್ತಿದೆ. ಖೋಲಿಯ ನಡುವೆ ಪರಾತ ಹಾಕಿದೆ, ಒಣ. ಬಾಗಿಲ ಬಳಿ ಹಾಕಿದೆ, ಒಣ. ಪಡುವಣ ಗೋಡೆಯ ಉದ್ದಕ್ಕೂ ಹಾಕಿದೆ, ಒಣ. ಇಷ್ಟಕ್ಕೇ ಕಾಗದ ಮುಗಿಸಿ ಅಂಟಿಸಿದ್ದೆ. ಅಂಚೆ ಪೆಟ್ಟಿಗೆಗೆ ಹಾಕಲು ಹೋಗಿ ಹಿಂದೆ ತಂದು ಒಡೆದೆ.

ಬಾವಿಯ ಕಡೆಯ ಮೂಲೆಯಲ್ಲಿ ಹಸಿ ಇದೆ ಅಕ್ಕಾ. ಅಂಗೈಯಷ್ಟು. ಅಲ್ಲಿ ಹಳೆಯ ಮಣ್ಣು ಉಳಿಯಿತೋ, ಡಾಂಬರಿನ ಕಾಗದ ಹರಿಯಿತೋ ಗೊತ್ತಿಲ್ಲ. ಪರಾತದ ಅಂಚಿಗೆ ಹನಿ ಕಟ್ಟಿತ್ತು. ಹೆಚ್ಚಾಗಿಲ್ಲ, ಹೋಗಿಯೂ ಇಲ್ಲ. ಮುಂದಿನ ಬೇಸಿಗೆಯಲ್ಲಿ ಮತ್ತೆ ತೆಗೆದು ನೋಡುತ್ತೇನೆ. ಪೂರ್ತಿ ಒಣಗಿದೆ ಎಂದು ಬರೆಯಲು ಬಹಳ ಆಸೆಯಿತ್ತು.

ಬಾಗಿಲಿಗೆ ಬೀಗವಿಲ್ಲ. ಓಣಿಯ ನಾಯಿ ಒಳಗೆ ಬಂದು ಮಲಗುತ್ತದೆ, ಬಸಲಿಂಗವ್ವ ಓಡಿಸುತ್ತಾಳೆ, ಮತ್ತೆ ಬರುತ್ತದೆ.

ಮುರಿಗ್ಯಾ


ಇಂಡಿ
೧೫ ಜುಲೈ ೧೯೫೫

ಮುರಿಗ್ಯಾ,

ನಿನ್ನ ಕಾಗದವನ್ನು ಅಡಿಗೆಮನೆಯ ಹೊಗೆಯಲ್ಲಿ ನಿಂತು ಓದಿದೆ. ಮೂರು ಕಡೆ ಒಣ ಎಂದು ಬರೆದ ಜಾಗಕ್ಕೆ ಬಂದಾಗ, ಇವನು ಮತ್ತೆ ಶುರು ಮಾಡಿದ ಅಂದುಕೊಂಡೆ. ಕೆಳಗಿನ ಸಾಲು ಓದಿ ಅಲ್ಲೇ ಕುಳಿತೆ. ಅಂಗೈಯಷ್ಟು ಹಸಿ ಇದೆ ಎಂದು ಬರೆದೆಯಲ್ಲ, ಎಷ್ಟು ವರ್ಷದ ಮೇಲೆ ನನ್ನ ತಮ್ಮ ನನ್ನ ಜೊತೆ ಮಾತಾಡಿದ ಹಾಗಾಯಿತು. ಅತ್ತೆ. ಹೊಗೆ ಎಂದು ಹೇಳಿದೆ.

ಅಯ್ಯನವರಿಗೆ ಹೇಳಿ ಒಪ್ಪಿಸಿದ್ದೇನೆ. ಪಂಚಮಿಗೆ ನೀನು ಕರೆಯಲು ಇಲ್ಲಿಯವರೆಗೆ ಬರಬೇಡ, ಗಿರಣಿಗೆ ನಿನ್ನ ಹೊರತು ಕಾರಕೂನರಿಲ್ಲ. ಬಸವಂತಪ್ಪ ಮುಂಬಯಿಗೆ ಬರುವವರಿದ್ದಾರೆ, ಅವರ ಜೊತೆ ಹಬ್ಬದ ಹಿಂದಿನ ದಿನ ದಾದರಿನಲ್ಲಿ ಇಳಿಯುತ್ತೇನೆ. ನೀನು ಸ್ಟೇಷನ್ನಿಗೆ ಬಂದು ಅವರ ಎದುರಿಗೇ ನನ್ನನ್ನು ಕರೆ. ಅದನ್ನು ನೋಡಿಕೊಂಡು ಅವರು ಊರಿಗೆ ಹಿಂದಿರುಗಲಿ.

ಬಸಲಿಂಗವ್ವನಿಗೆ ಹೇಳು, ಜೋಕಾಲಿಯ ಹಗ್ಗ ಗಟ್ಟಿ ನೋಡಿ ಕಟ್ಟಲಿ. ನನಗಲ್ಲ, ಅವಳಿಗೆ. ನನ್ನ ಹಾಸಿಗೆ ಬಾಗಿಲ ಕಡೆಗಿರಲಿ. ಆ ಮೂಲೆಗೆ ಪೆಟ್ಟಿಗೆ ಇಡಬೇಡಿರಿ, ಸೀರೆ ಹಾಳಾಗುತ್ತವೆ. ದಮ್ಮು ಏರಿದರೆ ಏರಿತು ಎಂದು ಹೇಳುತ್ತೇನೆ, ಮುಚ್ಚಿಡುವುದಿಲ್ಲ.

ಆ ದೊಡ್ಡ ಬೀಗವನ್ನು ಎಸೆಯಬೇಡ. ಎರಡು ಡಬ್ಬಿ ಉಂಡಿ ತರುತ್ತಿದ್ದೇನೆ. ನೀನು ಚಿಕ್ಕವನಿದ್ದಾಗ ಕದ್ದು ತಿನ್ನುತ್ತಿದ್ದೆ, ಬೇಕಾಗುತ್ತದೆ.

ಅಕ್ಕ